ಸಲಿಂಗ ವಿವಾಹ ಮತ್ತು ಲೋಕಾಭಿಪ್ರಾಯ: ಒಂದು ವಿಮರ್ಶೆ

ವಿವಾದಗ್ರಸ್ತವಾದ ವಿಷಯವೊಂದು ನ್ಯಾಯಾಲಯದ ಮೆಟ್ಟಿಲೇರಿದಾಗ ಉಭಯ ಪಕ್ಷದವರೂ ಲೋಕವನ್ನು ತಮ್ಮ ಕಡೆಯ ಸಾಕ್ಷಿಯಾಗಿ ಕರೆಯುವುದು ವಾಡಿಕೆ. ‘ಜನ ಇದನ್ನು ಒಪ್ಪುವುದಿಲ್ಲ’ ಎಂದು ಒಂದು ಪಕ್ಷ. ‘ಜನ ಈಗಾಗಲೇ ಒಪ್ಪಿದ್ದಾರೆ’ ಎಂದು ಇನ್ನೊಂದು ಪಕ್ಷ. ಆ ಸಾಕ್ಷಿಯನ್ನು ಪಾಟೀಸವಾಲಿಗೆ ಗುರಿಪಡಿಸುವವರು ಮಾತ್ರ ವಿರಳ. ಸಲಿಂಗಿಗಳ ವಿವಾಹಕ್ಕೆ ಕಾನೂನಿನ ಮಾನ್ಯತೆ ಇರಬೇಕೇ ಎಂಬ ಪ್ರಶ್ನೆಯನ್ನು ಕುರಿತು 2023ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ನಡೆದ ವಾದ, ಅದರ ಸುತ್ತ ಹುಟ್ಟಿದ ಹೇಳಿಕೆಗಳು, ಕೊನೆಗೆ ಹೊರಬಿದ್ದ ತೀರ್ಪು ಈ ಮೂರನ್ನೂ ಒಟ್ಟಿಗೆ ಓದಿದವರಿಗೆ ಈ ಕೊರತೆ ಎದ್ದು ಕಾಣುತ್ತದೆ.

ಹಿನ್ನೆಲೆಯನ್ನು ಸಂಕ್ಷೇಪವಾಗಿ ಸ್ಮರಿಸಬಹುದು. ವಯಸ್ಕರ ಪರಸ್ಪರ ಸಮ್ಮತಿಯ ಸಲಿಂಗ ಸಂಬಂಧವನ್ನೂ ಅಪರಾಧವೆಂದು ಎಣಿಸುತ್ತಿದ್ದ ಭಾರತೀಯ ದಂಡ ಸಂಹಿತೆಯ 377ನೆಯ ಕಲಮನ್ನು ದೆಹಲಿಯ ಉಚ್ಚ ನ್ಯಾಯಾಲಯ 2009ರಲ್ಲಿ ಅಷ್ಟರ ಮಟ್ಟಿಗೆ ಅಸಿಂಧುವೆಂದು ಸಾರಿತು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಪುನಃ ಊರ್ಜಿತಗೊಳಿಸಿತು. 2018ರ ಸೆಪ್ಟೆಂಬರ್ 6ರಂದು ಅದೇ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠ ಏಕಮತದಿಂದ ಆ ಕಳಂಕವನ್ನು ತೊಡೆದುಹಾಕಿತು. ಅನಂತರ ಬಂದ ಪ್ರಶ್ನೆ ವಿವಾಹದ್ದು. 1954ರ ವಿಶೇಷ ವಿವಾಹ ಅಧಿನಿಯಮದ ಮೇರೆಗೆ ತಮ್ಮ ವಿವಾಹವನ್ನೂ ನೋಂದಾಯಿಸಬೇಕೆಂದು ಕೋರಿದವರ ಅರ್ಜಿಗಳ ಮೇಲೆ 2023ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹತ್ತು ದಿನ ವಾದ ನಡೆಯಿತು. ಅಕ್ಟೋಬರ್ 17ರಂದು ತೀರ್ಪು ಬಂದಿತು.

ಈ ಹತ್ತು ದಿನಗಳ ಆಸುಪಾಸಿನಲ್ಲಿ ಲೋಕಾಭಿಪ್ರಾಯದ ಹೆಸರಿನಲ್ಲಿ ಬಂದ ಮಾತುಗಳನ್ನು ಮೊದಲು ಪರಿಶೀಲಿಸಬೇಕು. ಅರ್ಜಿದಾರರ ಬೇಡಿಕೆ ನಗರವಾಸಿ ಗಣ್ಯವರ್ಗದ ಅಭಿಪ್ರಾಯ ಮಾತ್ರವೆಂದು ಕೇಂದ್ರ ಸರ್ಕಾರ ಪ್ರತಿಪಾದಿಸಿತು. ಏಪ್ರಿಲ್ 23ರಂದು ಭಾರತೀಯ ವಕೀಲರ ಪರಿಷತ್ತು ಗೊತ್ತುವಳಿಯೊಂದನ್ನು ಹೊರಡಿಸಿ, ದೇಶದ ಶೇಕಡ 99.9ಕ್ಕೂ ಹೆಚ್ಚು ಜನ ಸಲಿಂಗ ವಿವಾಹದ ವಿಚಾರಕ್ಕೇ ವಿರೋಧಿಗಳೆಂದು ಹೇಳಿತು. ಜೂನ್ ತಿಂಗಳಲ್ಲಿ ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 24 ದೇಶಗಳ ಸಮೀಕ್ಷೆಯನ್ನು ಪ್ರಕಟಿಸಿತು. ಅದರ ಪ್ರಕಾರ ಭಾರತದಲ್ಲಿ ಇಂತಹ ವಿವಾಹಕ್ಕೆ ಕಾನೂನಿನ ಅವಕಾಶವಿರಲಿ ಎಂದವರು ಶೇಕಡ 53, ಬೇಡವೆಂದವರು ಶೇಕಡ 43.

ಒಂದೇ ದೇಶ, ಒಂದೇ ಪ್ರಶ್ನೆ, ಎರಡು ತಿಂಗಳ ಅಂತರ. ಒಂದು ಲೆಕ್ಕದಲ್ಲಿ ಸಮ್ಮತಿಸುವವರು ಸಾವಿರಕ್ಕೆ ಒಬ್ಬರೂ ಇಲ್ಲ, ಇನ್ನೊಂದರಲ್ಲಿ ಅರ್ಧಕ್ಕಿಂತ ಹೆಚ್ಚು. ಇಷ್ಟು ವ್ಯತ್ಯಾಸವಿರುವ ಎರಡು ಖಾತೆಗಳನ್ನು ಕಂಡ ಯಾವ ಲೆಕ್ಕಿಗನೂ ಮೊದಲು ಕೇಳುವುದು ಮೂಲ ರಸೀದಿಯನ್ನು. ಪರಿಷತ್ತಿನ ಗೊತ್ತುವಳಿಯಲ್ಲಿ ಆ ರಸೀದಿ ಇಲ್ಲ. ಯಾರನ್ನು, ಎಲ್ಲಿ, ಯಾವ ಮಾತುಗಳಲ್ಲಿ ಕೇಳಿ ಈ ಅಂಕಿ ದೊರೆಯಿತೆಂಬ ವಿವರವನ್ನು ಅದು ಕೊಡಲಿಲ್ಲ. ಅಂಕಿಯನ್ನು ಅದರ ಮುಖಬೆಲೆಯಲ್ಲಿಯೇ ಸ್ವೀಕರಿಸಿದರೂ ಸಂಶಯ ನೀಗದು. ನೂರ ನಲವತ್ತು ಕೋಟಿ ಜನರಲ್ಲಿ ಉಳಿಯುವ ಶೇಕಡ 0.1 ಎಂದರೆ ಹದಿನಾಲ್ಕು ಲಕ್ಷ. ದೇಶದಲ್ಲಿ ಸುಮಾರು 25 ಲಕ್ಷ ಸಲಿಂಗಿಗಳಿದ್ದಾರೆಂದು ಕೇಂದ್ರ ಸರ್ಕಾರವೇ 2012ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಅಂದಾಜು ಕೊಟ್ಟಿತ್ತು. ಹಾಗಾದರೆ ಪ್ರಶ್ನೆಗೆ ನೇರವಾಗಿ ಸಂಬಂಧಪಟ್ಟವರಲ್ಲಿಯೂ ಹೆಚ್ಚಿನವರು ವಿರೋಧಿಗಳ ಪಟ್ಟಿಗೆ ಸೇರಬೇಕಾಗುತ್ತದೆ. ನ್ಯಾಯವೃತ್ತಿಯ ಶಿರಃಸ್ಥಾನದಲ್ಲಿರುವ ಸಂಸ್ಥೆ, ಪುರಾವೆಯಿಲ್ಲದ ಮಾತನ್ನು ಪುರಾವೆಯೆಂದು ಮಂಡಿಸಿದ್ದು ಖೇದಕರ.

ಆದರೆ ಎದುರು ಪಕ್ಷದವರು ಶೇಕಡ 53ನ್ನು ವಿಜಯಪತಾಕೆಯಂತೆ ಎತ್ತಿ ಹಿಡಿದುದೂ ಅಷ್ಟೇನೂ ವಿವೇಕದ ಕೆಲಸವಲ್ಲ. ಅದೇ ಪ್ಯೂ ಕೇಂದ್ರ, ಸಮಾಜ ಸಲಿಂಗಾಸಕ್ತಿಯನ್ನು ಅಂಗೀಕರಿಸಬೇಕೇ ಎಂದು 2019ರಲ್ಲಿ ಕೇಳಿದಾಗ ಹೌದೆಂದ ಭಾರತೀಯರು ಶೇಕಡ 37 ಮಾತ್ರ. ಐದು ವರ್ಷ ಹಿಂದೆ ಅದು ಶೇಕಡ 15 ಇತ್ತು. ಇಲ್ಲಿ ಏರಿಕೆ ಇರುವುದು ನಿಜ. ಪ್ರಶ್ನೆಯ ಮಾತು ಬದಲಾದಂತೆ ಉತ್ತರವೂ ಬದಲಾಗುವುದೂ ಅಷ್ಟೇ ನಿಜ. ‘ಕಾನೂನು ಬಿಡಲಿ’ ಎನ್ನುವವನು ‘ನನ್ನ ಮನೆಯಲ್ಲಿ ಆಗಲಿ’ ಎಂದಂತಲ್ಲ. ಅಪರಿಚಿತನ ಮುಂದೆ ಕುಳಿತು ಕೊಟ್ಟ ಉತ್ತರವೂ ಮಗನೋ ಮಗಳೋ ಎದುರು ನಿಂತು ಕೇಳಿದಾಗ ಕೊಡುವ ಉತ್ತರವೂ ಒಂದೇ ಆಗಬೇಕಿಲ್ಲ. ಇಂದಿನ ಶೇಕಡ 53 ಹಕ್ಕನ್ನು ಸಾಧಿಸುತ್ತದೆ ಎಂದು ವಾದಿಸುವವರು, ನಾಳೆ ಅದು 47ಕ್ಕೆ ಇಳಿದರೆ ಹಕ್ಕೂ ಬಿದ್ದುಹೋಯಿತೆಂದು ಒಪ್ಪಲು ಸಿದ್ಧರಿರಬೇಕು.

ಸಂಖ್ಯೆಯ ಬಲದಿಂದ ನ್ಯಾಯವನ್ನು ತೂಗಲಾಗದು ಎಂಬುದಕ್ಕೆ ದೇಶದ ಇತಿಹಾಸದಲ್ಲಿಯೇ ನಿದರ್ಶನವಿದೆ. ವಿಧವಾ ವಿವಾಹಕ್ಕೆ ಕಾನೂನಿನ ಸಮ್ಮತಿ ಕೋರಿ ಈಶ್ವರಚಂದ್ರ ವಿದ್ಯಾಸಾಗರರು 1855ರಲ್ಲಿ ಮನವಿ ಸಲ್ಲಿಸಿದಾಗ, ರಾಧಾಕಾಂತ ದೇವ ಮೊದಲಾದವರು ಸಲ್ಲಿಸಿದ ವಿರೋಧದ ಮನವಿಗೆ ಅದಕ್ಕಿಂತ ಅನೇಕ ಪಟ್ಟು ಹೆಚ್ಚು ಸಹಿಗಳು ಬಿದ್ದಿದ್ದವು. ಸಹಿಗಳನ್ನು ಎಣಿಸಿ ನಿರ್ಧರಿಸಿದ್ದರೆ 1856ರ ಅಧಿನಿಯಮ ಹುಟ್ಟುತ್ತಲೇ ಇರಲಿಲ್ಲ. ಅಮೆರಿಕದಲ್ಲಿ ಕರಿಯರು ಹಾಗೂ ಬಿಳಿಯರ ನಡುವಣ ವಿವಾಹದ ಮೇಲಿನ ನಿಷೇಧವನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1967ರಲ್ಲಿ ತೆಗೆದುಹಾಕಿತು. ಮರುವರ್ಷ ಗ್ಯಾಲಪ್ ಸಂಸ್ಥೆಯ ಸಮೀಕ್ಷೆಯಲ್ಲಿ ಅಂತಹ ವಿವಾಹವನ್ನು ಮೆಚ್ಚಿದವರು ಶೇಕಡ 20 ಮಾತ್ರ.

ಸಲಿಂಗ ವಿವಾಹದ ವಿಷಯದಲ್ಲಿಯೇ ಜನರನ್ನು ನೇರವಾಗಿ ಕೇಳಿದ ದೇಶಗಳೂ ಇವೆ. ಐರ್ಲೆಂಡ್ 2015ರ ಮೇ 22ರಂದು ಜನಮತಗಣನೆ ನಡೆಸಿ ಶೇಕಡ 62ರ ಸಮ್ಮತಿಯಿಂದ ಸಂವಿಧಾನವನ್ನು ತಿದ್ದಿತು. ಆಸ್ಟ್ರೇಲಿಯ 2017ರಲ್ಲಿ ಅಂಚೆಯ ಮೂಲಕ ಅಭಿಪ್ರಾಯ ಸಂಗ್ರಹಿಸಿತು, ಶೇಕಡ 61.6 ಜನ ಹೌದೆಂದರು. ಅದೇ ವರ್ಷ ಡಿಸೆಂಬರಿನಲ್ಲಿ ಸಂಸತ್ತು ಕಾನೂನು ಮಾಡಿತು. ತೈವಾನಿನ ಕಥೆ ಇದಕ್ಕೆ ವಿಪರೀತ. ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 2017ರಲ್ಲಿ ಎರಡು ವರ್ಷದೊಳಗೆ ಕಾನೂನು ರೂಪಿಸಬೇಕೆಂದು ಆದೇಶಿಸಿತು; 2018ರ ಜನಮತಗಣನೆಯಲ್ಲಿ ಮತದಾರರು ಬಹುಸಂಖ್ಯೆಯಿಂದ ನಿರಾಕರಿಸಿದರು; ಆದರೂ 2019ರ ಮೇ ತಿಂಗಳಲ್ಲಿ ಪ್ರತ್ಯೇಕ ಕಾನೂನು ಜಾರಿಗೆ ಬಂದಿತು. ಲೋಕಾಭಿಪ್ರಾಯ ಕಾನೂನಿಗೆ ದಾರಿ ತೋರುವುದುಂಟು, ಕಾನೂನಿನ ಹಿಂದೆ ನಡೆದು ಬರುವುದೂ ಉಂಟು. ಆದುದರಿಂದ ಸಮಾಜ ಎಷ್ಟು ಸಿದ್ಧವಾಗಿದೆ ಎಂಬುದನ್ನು ತಿಳಿಯಲು ಅದು ಉಪಯುಕ್ತ. ಯಾರಿಗೆ ಏನು ಸಲ್ಲಬೇಕೆಂಬುದನ್ನು ನಿರ್ಣಯಿಸಲು ಅದೊಂದೇ ಸಾಲದು.

ಧರ್ಮಕ್ಕೆ ಧಕ್ಕೆಯಾಗುವುದೆಂಬ ಆತಂಕವೂ ಲೋಕಾಭಿಪ್ರಾಯದ ಒಂದು ಅಂಗ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ವಿಶೇಷ ವಿವಾಹ ಅಧಿನಿಯಮದ ಪೂರ್ವೇತಿಹಾಸವನ್ನು ವಾಚಕರು ಗಮನಿಸಬೇಕು. 1872ರ ಮೂಲ ಅಧಿನಿಯಮದ ಪ್ರಕಾರ ವಿವಾಹವಾಗಬಯಸುವವರು ತಾವು ಕ್ರೈಸ್ತ, ಯಹೂದಿ, ಹಿಂದೂ, ಮುಸ್ಲಿಂ, ಪಾರ್ಸಿ, ಬೌದ್ಧ, ಸಿಖ್ ಅಥವಾ ಜೈನ ಧರ್ಮಗಳಲ್ಲಿ ಯಾವುದಕ್ಕೂ ಸೇರಿದವರಲ್ಲವೆಂದು ಘೋಷಿಸಬೇಕಾಗಿತ್ತು. 1923ರಲ್ಲಿ ಜೈನರೂ ಸೇರಿದಂತೆ ನಾಲ್ಕು ಧರ್ಮಗಳವರಿಗೆ ಈ ಘೋಷಣೆಯ ಸಂಕಟ ತಪ್ಪಿತು. 1954ರಲ್ಲಿ ಎಲ್ಲರಿಗೂ ತಪ್ಪಿತು. ಧರ್ಮವಿಧಿಯ ವಿವಾಹಕ್ಕೆ ಕೈಹಾಕದೆ, ಅದರ ಪಕ್ಕದಲ್ಲಿ ರಾಜ್ಯವು ತೆರೆದ ಬೇರೊಂದು ಬಾಗಿಲು ಅದು. ಆ ಬಾಗಿಲಿನಿಂದ ಯಾರು ಪ್ರವೇಶಿಸಿದರೂ ಬಸದಿ, ದೇಗುಲ, ಮಸೀದಿ, ಇಗರ್ಜಿಗಳಲ್ಲಿ ನಡೆಯುವ ವಿಧಿ ಬದಲಾಗುವುದಿಲ್ಲ. 2023ರ ವಿಚಾರಣೆಯಲ್ಲಿಯೂ ನ್ಯಾಯಾಲಯ ಧಾರ್ಮಿಕ ವೈಯಕ್ತಿಕ ಕಾನೂನುಗಳ ಗೋಜಿಗೆ ಹೋಗುವುದಿಲ್ಲವೆಂದು ಸ್ಪಷ್ಟಪಡಿಸಿತ್ತು.

ಇನ್ನು ತೀರ್ಪಿನ ವಿಚಾರ. ವಿವಾಹವಾಗುವುದು ಸಂವಿಧಾನದತ್ತವಾದ ಮೂಲಭೂತ ಹಕ್ಕಲ್ಲವೆಂಬುದರಲ್ಲಿಯೂ, ಅಧಿನಿಯಮವನ್ನು ನ್ಯಾಯಾಲಯ ತಿದ್ದಿ ಬರೆಯಲಾಗದೆಂಬುದರಲ್ಲಿಯೂ ಐವರೂ ಒಮ್ಮತರು. ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಕೌಲ್ ಅವರು ಸಲಿಂಗ ಜೋಡಿಗಳ ಸಹಬಾಳ್ವೆಯನ್ನು ಗುರುತಿಸಿ ಸೌಲಭ್ಯ ಕಲ್ಪಿಸುವುದು ರಾಜ್ಯದ ಕರ್ತವ್ಯವೆಂದರು. ನ್ಯಾಯಮೂರ್ತಿಗಳಾದ ಭಟ್, ಕೊಹ್ಲಿ ಮತ್ತು ನರಸಿಂಹ ಅವರು ಅಂತಹ ಹಕ್ಕಿಲ್ಲವೆಂದರು. ಸಲಿಂಗಾಸಕ್ತಿ ನಗರದ್ದೂ ಅಲ್ಲ, ಗಣ್ಯವರ್ಗದ್ದೂ ಅಲ್ಲ ಎಂದು ಮುಖ್ಯ ನ್ಯಾಯಮೂರ್ತಿಗಳು ಬರೆದುದು ಸಮಂಜಸ. ಶಾಸನ ರಚನೆ ಸಂಸತ್ತಿನ ಕೆಲಸವೆಂಬ ಬಹುಮತದ ನಿಲುವಿನಲ್ಲಿಯೂ ತಥ್ಯವಿದೆ. ವರನಿಗೆ 21, ವಧುವಿಗೆ 18 ಎಂದು ವಯಸ್ಸು ನಿಗದಿಪಡಿಸುವ ಅಧಿನಿಯಮವನ್ನು ಇಬ್ಬರು ವರರಿಗೆ ಅನ್ವಯಿಸುವುದು ಹೇಗೆಂಬ ತೊಡಕು ಕಾಲ್ಪನಿಕವಲ್ಲ.

ತೀರ್ಪಿನ ದೌರ್ಬಲ್ಯ ಇರುವುದು ಬೇರೆ ಕಡೆ. ಭವಿಷ್ಯ ನಿಧಿ, ವಿಮೆ ಮೊದಲಾದ ಪ್ರಯೋಜನಗಳಿಂದ ಈ ಜೋಡಿಗಳು ವಂಚಿತರಾಗುತ್ತಿರುವುದನ್ನು ನ್ಯಾಯಮೂರ್ತಿ ಭಟ್ ಅವರ ತೀರ್ಪೇ ಗುರುತಿಸುತ್ತದೆ. ಆದರೆ ಪರಿಹಾರವನ್ನು ಮಾತ್ರ ಸಂಪುಟ ಕಾರ್ಯದರ್ಶಿಗಳ ನೇತೃತ್ವದ ಸಮಿತಿಗೆ ಅವಧಿಯ ಗಡುವಿಲ್ಲದೆ ಒಪ್ಪಿಸುತ್ತದೆ. ಬಾಕಿ ಇರುವುದು ನಿಜವೆಂದು ಒಪ್ಪಿಕೊಂಡು, ಪಾವತಿಯ ದಿನಾಂಕವನ್ನು ಬರೆಯದೆ ಬಿಟ್ಟ ಹುಂಡಿಯಂತೆ ಇದು.

ಸಮಿತಿ 2024ರ ಏಪ್ರಿಲಿನಲ್ಲಿ ರಚಿತವಾಯಿತು. ಅದೇ ವರ್ಷ ಆಗಸ್ಟ್ 28ರಂದು ಹಣಕಾಸು ಮಂತ್ರಾಲಯ, ಸಲಿಂಗಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು ಹಾಗೂ ಸಂಗಾತಿಯನ್ನು ನಾಮಿನಿ ಮಾಡಲು ನಿರ್ಬಂಧವಿಲ್ಲವೆಂದು ಸ್ಪಷ್ಟಪಡಿಸಿತು. ಇದು ಸ್ವಾಗತಾರ್ಹ. ಆದರೆ ವ್ಯವಹಾರ ಬಲ್ಲವರಿಗೆ ನಾಮಿನಿಯ ಸ್ಥಾನವೇನೆಂಬುದು ತಿಳಿದಿದೆ. ನಾಮಿನಿ ಹಣವನ್ನು ಸ್ವೀಕರಿಸುವವನೇ ಹೊರತು ಅದರ ಒಡೆಯನಲ್ಲ, ಹಣ ಸಲ್ಲುವುದು ವಾರಸುದಾರರಿಗೆ ಎಂದು ಸರ್ವೋಚ್ಚ ನ್ಯಾಯಾಲಯ 1984ರಲ್ಲಿಯೇ ವಿಮೆಯ ಪ್ರಕರಣವೊಂದರಲ್ಲಿ ನಿರ್ಣಯಿಸಿದೆ. 2015ರ ತಿದ್ದುಪಡಿ ವಿಮೆಯ ಮಟ್ಟಿಗೆ ನಾಮಿನಿಗೇ ಹಣದ ಹಕ್ಕು ಕೊಟ್ಟಿತಾದರೂ ಅದು ತಂದೆತಾಯಿ, ಪತಿ ಅಥವಾ ಪತ್ನಿ ಮತ್ತು ಮಕ್ಕಳಿಗೆ ಸೀಮಿತ. ಮೂವತ್ತು ವರ್ಷ ಒಂದೇ ಸೂರಿನಡಿ ಬಾಳಿ, ಒಂದೇ ಒಲೆಯ ಅನ್ನ ಉಂಡು, ಕೊನೆಯ ಕಾಯಿಲೆಯಲ್ಲಿ ಶುಶ್ರೂಷೆ ಮಾಡಿದ ಸಂಗಾತಿ ಈ ಪಟ್ಟಿಯಲ್ಲಿಲ್ಲ. ಉಯಿಲು ಬರೆದಿಡಬಹುದು, ನಿಜ. ಬರೆಯದೆ ಸತ್ತರೆ ದೂರದ ದಾಯಾದಿಗೆ ಇರುವ ಹಕ್ಕು ಆ ಸಂಗಾತಿಗೆ ಇಲ್ಲ. ಬದುಕಿರುವಾಗಲೂ, ಪತಿ ಪತ್ನಿಗೆ ಕೊಟ್ಟ ಉಡುಗೊರೆ ಆದಾಯ ತೆರಿಗೆಯಿಂದ ಮುಕ್ತ. ಈ ಜೋಡಿಯಲ್ಲಿ ಒಬ್ಬರು ಇನ್ನೊಬ್ಬರಿಗೆ ವರ್ಷಕ್ಕೆ ಐವತ್ತು ಸಾವಿರ ರೂಪಾಯಿ ಮೀರಿ ಕೊಟ್ಟರೆ ಪಡೆದವರ ಆದಾಯಕ್ಕೆ ಸೇರುತ್ತದೆ. ತೆರಿಗೆ ಪಡೆಯುವಾಗ ಅವರನ್ನು ಪೂರ್ಣ ನಾಗರಿಕರೆಂದು ಎಣಿಸುವ ರಾಜ್ಯ, ಹಿಂದಿರುಗಿಸುವಾಗ ಪರಸ್ಪರ ಅಪರಿಚಿತರೆಂದು ಎಣಿಸುತ್ತದೆ.

ತೀರ್ಪಿನ ಪುನರ್ವಿಮರ್ಶೆಯ ಅರ್ಜಿಗಳೂ 2025ರ ಜನವರಿಯಲ್ಲಿ ತಿರಸ್ಕೃತವಾದವು. ಆದುದರಿಂದ ಪ್ರಶ್ನೆ ಈಗ ಸಂಸತ್ತಿನ, ಅಂದರೆ ಜನರ ಅಂಗಳಕ್ಕೆ ಬಂದಿದೆ. ಲೋಕಾಭಿಪ್ರಾಯಕ್ಕೆ ಮಹತ್ವವಿರುವುದು ಇಲ್ಲಿಯೇ. ಇಷ್ಟು ದಿನ ಅದನ್ನು ಕೇಳಿದ ಬಗೆ ‘ನಿಮಗೆ ಇದು ಇಷ್ಟವೇ?’ ಎಂಬುದು. ಅದು ರುಚಿಯ ಪ್ರಶ್ನೆ. ಉತ್ತರವೂ ರುಚಿಗೆ ತಕ್ಕಂತೆ ಬರುತ್ತದೆ. ‘ಈ ಇಬ್ಬರಿಗೆ ಈ ರಕ್ಷಣೆ ದೊರೆತರೆ ನಿಮ್ಮಿಂದ ಏನನ್ನು ಕಿತ್ತುಕೊಂಡಂತಾಗುತ್ತದೆ? ದೊರೆಯದಿದ್ದರೆ ಅವರಿಂದ ಏನನ್ನು ಕಿತ್ತುಕೊಂಡಂತಾಗುತ್ತದೆ?’ ಎಂದು ಕೇಳಿದರೆ ಅದು ನ್ಯಾಯದ ಪ್ರಶ್ನೆಯಾಗುತ್ತದೆ. ಅದಕ್ಕೆ ‘ವಿವಾಹ’ ಎಂಬ ಹೆಸರೇ ಬೇಕೇ, ಬೇರೆ ಹೆಸರಿನ ಮಾನ್ಯತೆ ಸಾಕೇ ಎಂಬುದರಲ್ಲಿ ಸಜ್ಜನರಲ್ಲಿಯೂ ಭಿನ್ನಮತವಿರಬಹುದು. ಆದರೆ ಮೇಲಿನ ಎರಡು ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರಿಸದೆ ಹೌದು ಅಥವಾ ಇಲ್ಲ ಎಂದವರ ಅಭಿಪ್ರಾಯ, ಎಷ್ಟೇ ಕೋಟಿ ಜನರದಾಗಿದ್ದರೂ, ತೂಕಕ್ಕೆ ಬರುವುದಿಲ್ಲ.