ಮಲಗುವ ಕೋಣೆಯ ನಾಲ್ಕು ಟ್ರ್ಯಾಕ್

1982ರ ಜನವರಿ. ನ್ಯೂಜೆರ್ಸಿಯ ಕೋಲ್ಟ್ಸ್ ನೆಕ್‌ನ ಬಾಡಿಗೆ ಮನೆಯಲ್ಲಿ, ಮಲಗುವ ಕೋಣೆಯಲ್ಲೇ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಗಿಟಾರ್ ಹಿಡಿದು ಕೂತರು. ಎರಡು ಶೂರ್ ಎಸ್‌ಎಂ57 ಮೈಕು, ಒಂದು ಟಿಯಾಕ್ 144 ಕ್ಯಾಸೆಟ್ ರೆಕಾರ್ಡರ್. ಗಂಟೆ ಲೆಕ್ಕದ ಸ್ಟುಡಿಯೋ ಬಾಡಿಗೆಯ ಚಿಂತೆಯಿಲ್ಲ.

ಈ ಪುಟ್ಟ ಯಂತ್ರದ ಜಾಣತನ ದೊಡ್ಡದು. ಸಾಮಾನ್ಯ ಕ್ಯಾಸೆಟ್ಟಿನ ಎರಡೂ ಬದಿಯ ಜಾಗವನ್ನು ಒಂದೇ ದಿಕ್ಕಿಗೆ ಬಳಸಿ, ಟೇಪನ್ನು ಇಮ್ಮಡಿ ವೇಗದಲ್ಲಿ ಓಡಿಸಿ ನಾಲ್ಕು ಟ್ರ್ಯಾಕ್ ಹಿಡಿಯುತ್ತಿತ್ತು. ಮೊದಲು ಹಾಡು, ಗಿಟಾರ್. ಉಳಿದೆರಡರಲ್ಲಿ ಹಾರ್ಮೋನಿಕಾ, ಇನ್ನೊಂದು ದನಿ.

ಆಮೇಲೆ ಅವೇ ಹಾಡುಗಳನ್ನು ತಮ್ಮ ಬ್ಯಾಂಡ್ ಜೊತೆ ಸ್ಟುಡಿಯೋದಲ್ಲಿ ನುಡಿಸಿ ನೋಡಿದರು. ಕೋಣೆಯ ಆ ಒಂಟಿತನ ಅಲ್ಲಿ ದಕ್ಕಲಿಲ್ಲ.

ಕೊನೆಗೆ, ಡಬ್ಬಿಯೂ ಇಲ್ಲದೆ ಜೀನ್ಸ್ ಜೇಬಿನಲ್ಲಿ ಓಡಾಡಿದ್ದ ಆ ಕ್ಯಾಸೆಟ್ಟೇ ಸೆಪ್ಟೆಂಬರ್‌ನಲ್ಲಿ ‘ನೆಬ್ರಾಸ್ಕಾ’ ಆಲ್ಬಮ್ಮಾಗಿ ಹೊರಬಂತು. ಟೇಪಿನ ಸಣ್ಣ ಸುಯ್ಯೆನ್ನುವ ಸದ್ದಿನ ನಡುವೆ ಗಾಯಕ ಇವತ್ತಿಗೂ ಪಕ್ಕದಲ್ಲೇ ಕೂತು ಹಾಡಿದಂತೆ ಕೇಳಿಸುತ್ತದೆ.