ಎಂಟು ಗಂಟೆಯ ಕೋಳಿಯ ತಕರಾರು

ಬೆಳಿಗ್ಗೆ ಕೋಳಿ ಹಾಕಿ, ಗುಂಡಿ ತಿರುಗಿಸಿ ಕೆಲಸಕ್ಕೆ ಹೋದರಾಯಿತು, ಸಂಜೆ ಬರುವಷ್ಟರಲ್ಲಿ ಊಟ ಸಿದ್ಧ. ಅಮೆರಿಕದಲ್ಲಿ ಸ್ಲೋ ಕುಕರ್ ಐವತ್ತು ವರ್ಷಗಳಿಂದ ಮಾರಾಟವಾಗುತ್ತಿರುವುದು ಈ ಒಂದು ಮಾತಿನ ಬಲದ ಮೇಲೆ. ಊಟ ಸಿದ್ಧವಿರುತ್ತದೆ, ಸುಳ್ಳಲ್ಲ. ಆದರೆ ಎಂಟು ಗಂಟೆ ಬೆಂದ ಫಾರಂ ಕೋಳಿಯ ಎದೆಮಾಂಸ ಒದ್ದೆ ಹತ್ತಿಯ ಹಾಗೆ ಎಳೆಎಳೆಯಾಗಿರುತ್ತದೆ. ಸುತ್ತ ನೀರು ನೀರಾದ, ಸಿಹಿ ಬಿಟ್ಟರೆ ಬೇರೇನೂ ನಾಲಿಗೆಗೆ ಹತ್ತದ ರಸ. ಜೇನು, ಸೋಯಾ ಸಾಸ್, ಬೆಳ್ಳುಳ್ಳಿ ಹಾಕಿ ಮಾಡುವ ಸಿಹಿ-ಉಪ್ಪಿನ ಕೋಳಿ ಅಲ್ಲಿನ ವಾರದ ದಿನಗಳ ರಾತ್ರಿಯೂಟಗಳಲ್ಲಿ ತುಂಬ ಸಲೀಸಾದದ್ದು. ಸಲೀಸು ಎಂಬ ಕಾರಣಕ್ಕೇ ತುಂಬ ಕೆಡುವುದೂ ಅದೇ. ಎಂಟು ಗಂಟೆ ಎಂಬುದು ಆಫೀಸಿನ ಲೆಕ್ಕ. ಕೋಳಿಗೆ ಅದರ ಅರ್ಧ ಸಾಕು.

ಹಾಗಾದರೆ ಆ ಎಂಟು ಗಂಟೆ ಎಲ್ಲಿಂದ ಬಂತು? ಅದಕ್ಕೆ ಉತ್ತರ ಈ ಯಂತ್ರದ ಹುಟ್ಟಿನಲ್ಲೇ ಇದೆ, ಇದನ್ನು ಕಟ್ಟಿದ್ದೇ ಕಾಳಿಗಾಗಿ. ಷಿಕಾಗೊದಲ್ಲಿ ನೆಲೆಸಿದ್ದ ಇರ್ವಿಂಗ್ ನ್ಯಾಕ್ಸನ್ ಎಂಬ ಎಂಜಿನಿಯರ್ ಯಹೂದಿ ಮನೆತನದವರು. ಅವರ ತಾಯಿಯ ಕಡೆಯ ಬೇರು ಲಿಥುವೇನಿಯಾದ ವಿಲ್ನಿಯಸ್‌ನದು. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಶನಿವಾರ ಸಂಜೆಯವರೆಗೆ ಒಲೆ ಹೊತ್ತಿಸುವಂತಿಲ್ಲ ಎಂಬುದು ಯಹೂದಿಗಳ ಸಬ್ಬತ್ ನಿಯಮ. ಅದಕ್ಕಾಗಿ ಕಾಳು, ಬಾರ್ಲಿ, ಆಲೂಗಡ್ಡೆ, ಒಂದಿಷ್ಟು ಮಾಂಸ ತುಂಬಿದ ಮಡಕೆಯನ್ನು ಶುಕ್ರವಾರ ಸಂಜೆಯೇ ಊರಿನ ಬೇಕರಿಗೆ ಕೊಟ್ಟು ಬರುತ್ತಿದ್ದರು. ಉರಿ ಆರಿದ ಗೂಡಿನಲ್ಲಿ ಉಳಿದ ಕಾವಿನಲ್ಲೇ ಅದು ರಾತ್ರಿಯಿಡೀ ಬೇಯುತ್ತಿತ್ತು. ಚೋಲೆಂಟ್ ಎಂದು ಅದರ ಹೆಸರು. ತಾಯಿ ಹೇಳಿದ ಈ ಕತೆಯನ್ನು ಮಗ ತಂತಿಗೆ ಇಳಿಸಿದರು. ಪಾತ್ರೆಯ ಸುತ್ತ ವಿದ್ಯುತ್ ಸುರುಳಿ ಸುತ್ತಿ, ಎಲ್ಲ ಕಡೆಯಿಂದಲೂ ಸಮನಾಗಿ ಕಾವು ತಾಗುವ ಕುಕರ್ ಒಂದಕ್ಕೆ 1936ರಲ್ಲಿ ಪೇಟೆಂಟ್ ಕೇಳಿದರು, 1940ರಲ್ಲಿ ಅದು ಸಿಕ್ಕಿತು. ನ್ಯಾಕ್ಸನ್ ಬೀನರಿ ಎಂಬ ಹೆಸರಿನಲ್ಲಿ ಅದು ಕಾಳು ಬೇಯಿಸುವ ಸಾಧನವಾಗಿಯೇ ಬಹುಕಾಲ ಉಳಿಯಿತು.

1970ರಲ್ಲಿ ಕಾನ್ಸಾಸ್ ಸಿಟಿಯ ರೈವಲ್ ಕಂಪನಿ ನ್ಯಾಕ್ಸನ್ನರ ವ್ಯವಹಾರವನ್ನು ಕೊಂಡಿತು. ಮರುವರ್ಷ ಅದೇ ಕುಕರ್ ಹೊಸ ಅಂಗಿ ತೊಟ್ಟು ಕ್ರಾಕ್-ಪಾಟ್ ಆಯಿತು. ಬೆಲೆ ಸುಮಾರು 25 ಡಾಲರ್. ಮನೆಯ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಕೆಲಸಕ್ಕೆ ಹೊರಡುತ್ತಿದ್ದ ಕಾಲವದು. 1973ರ ತೈಲ ಬಿಕ್ಕಟ್ಟು ಬಂದಾಗ ಕಡಿಮೆ ಕರೆಂಟಿನ ಅಡುಗೆ ಎಂಬ ಮಾತೂ ಜೊತೆಗೆ ಸೇರಿತು. ಒಳಪಾತ್ರೆ ತೆಗೆದು ತೊಳೆಯುವಂತಾದದ್ದು 1974ರಲ್ಲಿ, ಮೇಬಲ್ ಹಾಫ್‌ಮನ್ನರ ಅಡುಗೆಪುಸ್ತಕ ‘ಕ್ರಾಕರಿ ಕುಕರಿ’ ಬಂದದ್ದು 1975ರಲ್ಲಿ. ಅದು ಲಕ್ಷಗಟ್ಟಲೆ ಪ್ರತಿ ಖರ್ಚಾಯಿತು. ಹೀಗೆ ಕಾಳಿಗೆಂದು ಹುಟ್ಟಿದ ಪಾತ್ರೆಗೆ ಎಲ್ಲವೂ ಬಂದು ಬಿತ್ತು, ಕಾಳಿನ ಸಮಯವೂ ಹಾಗೇ ಅಂಟಿಕೊಂಡಿತು.

ಸಿಹಿಯನ್ನು ಉಪ್ಪಿನ ಮಾಂಸದ ಜೊತೆ ನಿಧಾನಕ್ಕೆ ಬೇಯಿಸುವುದು ಅಮೆರಿಕಕ್ಕೆ ಹೊಸದೇನಲ್ಲ. ಬಾಸ್ಟನ್ನಿನ ಹೆಸರಾಂತ ಬೇಯಿಸಿದ ಬೀನ್ಸ್‌ಗೆ ಕಾಕಂಬಿ ಮತ್ತು ಉಪ್ಪು ಹಾಕಿಟ್ಟ ಹಂದಿಮಾಂಸ ಎರಡೂ ಬೇಕು. ಆದರೆ ಇಂದಿನ ಜೇನು-ಸೋಯಾ ಕೋಳಿಯ ದಾರಿ ಬೇರೆ, ಅದು ಬಂದದ್ದು ಪೆಸಿಫಿಕ್ ಸಮುದ್ರದ ಕಡೆಯಿಂದ. ಹವಾಯಿಯ ಹೊನೊಲುಲುವಿನಲ್ಲಿ ಅರ್ನೆಸ್ಟ್ ಮೊರ್ಗಾಡೊ ಎಂಬ ಕೋಳಿ ವ್ಯಾಪಾರಿ 1955ರಲ್ಲಿ ತಾಯಿಯ ಕಾಲದ ಸಾಸ್ ಸವರಿ, ಕೆಂಡದ ಮೇಲೆ ಮಗುಚಿ ಮಗುಚಿ ಸುಟ್ಟ ಕೋಳಿ ಹುಲಿ-ಹುಲಿ ಚಿಕನ್ ಎಂದು ಮನೆಮಾತಾಯಿತು. ಜಪಾನಿನ ಕಿಕ್ಕೋಮನ್ 1957ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕಚೇರಿ ತೆರೆಯಿತು, 1973ರಲ್ಲಿ ವಿಸ್ಕಾನ್ಸಿನ್ ರಾಜ್ಯದ ವಾಲ್‌ವರ್ತ್‌ನಲ್ಲಿ ಕಾರ್ಖಾನೆಯನ್ನೇ ಹಾಕಿತು. ಕ್ರಾಕ್-ಪಾಟ್ ಅಡುಗೆಮನೆಗಳಿಗೆ ನುಗ್ಗಿದ ವರ್ಷಗಳಲ್ಲೇ ಸೋಯಾ ಬಾಟಲಿಯೂ ಪಕ್ಕದ ಕಪಾಟಿಗೆ ಬಂದು ಕೂತಿತು. 1976ರಲ್ಲಿ ಸಿಯಾಟಲ್‌ನಲ್ಲಿ ತೊಶಿಹಿರೊ ಕಾಸಾಹಾರಾ ತೆರಿಯಾಕಿ ಅಂಗಡಿ ತೆರೆದರು. ಸೋಯಾ-ಸಕ್ಕರೆಯ ಹೊಳಪು ಹೊತ್ತ ಕೋಳಿಯನ್ನು ಅನ್ನದ ಜೊತೆ ಕೊಡುವ ಆ ಪದ್ಧತಿ ಊರಿಗೆಲ್ಲ ಹಬ್ಬಿತು.

ಇವೆಲ್ಲ ಬೆಂಕಿಯ ಅಡುಗೆಗಳು. ಸಕ್ಕರೆ ಕಂದಿ, ಮಾಂಸದ ಮೇಲ್ಮೈ ಕಂದುಗಟ್ಟಿ ಹುಟ್ಟುವ ಘಮವೇ ಅಲ್ಲಿ ಜೀವಾಳ. ಆ ಕಂದು ಬಣ್ಣ ಚೆನ್ನಾಗಿ ಕೂಡಿಬರಲು ಸುಮಾರು 140 ಡಿಗ್ರಿ ಸೆಲ್ಸಿಯಸ್ ಕಾವು ಬೇಕು, ಮೇಲ್ಮೈ ಒಣಗಿರಲೂ ಬೇಕು. ಸ್ಲೋ ಕುಕರ್ ಒಳಗೆ ಎರಡೂ ಇಲ್ಲ. ಎಷ್ಟು ಹೊತ್ತು ಇಟ್ಟರೂ ಅದು ನೀರು ಕುದಿಯುವ ಬಿಸಿಯ ಆಸುಪಾಸಿಗೆ ಬಂದು ನಿಲ್ಲುತ್ತದೆ. ‘ಲೋ’ ಎಂದರೆ ಕಡಿಮೆ ಬಿಸಿ, ‘ಹೈ’ ಎಂದರೆ ಹೆಚ್ಚು ಬಿಸಿ ಎಂದು ಹಲವರ ನಂಬಿಕೆ. ಹೆಚ್ಚಿನ ಕುಕರ್‌ಗಳಲ್ಲಿ ಎರಡೂ ಕೊನೆಗೆ ತಲುಪುವುದು ಹೆಚ್ಚುಕಡಿಮೆ ಅದೇ ಬಿಸಿಯನ್ನು. ಬೇಗ ತಲುಪುತ್ತದೋ ನಿಧಾನಕ್ಕೋ ಎಂಬುದಷ್ಟೇ ವ್ಯತ್ಯಾಸ. ಹಾಗಾಗಿ ರುಚಿ ಹುಟ್ಟಬೇಕಾದದ್ದು ಪಾತ್ರೆಗೆ ಹಾಕುವ ಮೊದಲು ಮತ್ತು ಹೊರತೆಗೆದ ಮೇಲೆ. ನಡುವಿನ ಹೊತ್ತನ್ನು ಯಂತ್ರ ನೋಡಿಕೊಳ್ಳಲಿ, ಮೊದಲ ಹತ್ತು ನಿಮಿಷ ಮತ್ತು ಕೊನೆಯ ಹತ್ತು ನಿಮಿಷ ಅಡುಗೆ ಮಾಡುವವರದು. ಪಾತ್ರೆಗೆ ಸುರಿದು ಮರೆತುಬಿಡಿ ಎನ್ನುವ ಪಾಕವಿಧಾನಗಳು ಬಿಟ್ಟುಬಿಡುವುದು ಈ ಇಪ್ಪತ್ತು ನಿಮಿಷಗಳನ್ನೇ.

ಯಾವ ಮಾಂಸ ಎಂಬ ಪ್ರಶ್ನೆಗೆ ಒಂದೇ ಉತ್ತರ, ತೊಡೆ. ಅದೂ ಮೂಳೆ ಸಮೇತ. ಎದೆಮಾಂಸದಲ್ಲಿ ಕೊಬ್ಬೂ ಕಡಿಮೆ, ಕೊಲಾಜನ್ ಎಂಬ ಗಟ್ಟಿ ನಾರೂ ಕಡಿಮೆ. ಕೋಳಿ ಸುರಕ್ಷಿತವಾಗಿ ಬೆಂದಿದೆ ಎನ್ನಲು ಅಮೆರಿಕದ ಕೃಷಿ ಇಲಾಖೆ ಹೇಳುವ 74 ಡಿಗ್ರಿ ದಾಟಿದ ಮೇಲೆ ಎದೆಮಾಂಸ ಒಣಗುತ್ತಲೇ ಹೋಗುತ್ತದೆ. ತೊಡೆಯ ನಡವಳಿಕೆ ತದ್ವಿರುದ್ಧ. 80 ದಾಟಿ 90ರ ಹತ್ತಿರ ಹೋಗುವಾಗ ಅದರ ನಾರು ಕರಗಿ ಜೆಲಟಿನ್ ಆಗುತ್ತದೆ, ರಸಕ್ಕೆ ಮೈ ಬರುತ್ತದೆ. ಆದರೆ ಫಾರಂ ಕೋಳಿ ಆರೇಳು ವಾರದ ಮರಿ, ಕರಗಲು ಅದರಲ್ಲಿ ಬಹಳವೇನೂ ಇರುವುದಿಲ್ಲ. ‘ಲೋ’ನಲ್ಲಿ ನಾಲ್ಕರಿಂದ ಐದು ಗಂಟೆ, ‘ಹೈ’ನಲ್ಲಿ ಎರಡೂವರೆಯಿಂದ ಮೂರು ಗಂಟೆ ಧಾರಾಳವಾಯಿತು. ಎಂಟು ಗಂಟೆಗೆ ನಿಜವಾಗಿ ಯೋಗ್ಯವಾದದ್ದು ನಮ್ಮ ನಾಟಿ ಕೋಳಿ. ಬಯಲಲ್ಲಿ ಓಡಾಡಿ ತಿಂಗಳುಗಟ್ಟಲೆ ಬೆಳೆದ ಅದರ ಕಾಲಿಗೆ ಕುಕ್ಕರಿನ ನಾಲ್ಕು ವಿಸಿಲ್‌ಗಿಂತ ಈ ಮಂದ ಕಾವು ಒಗ್ಗುತ್ತದೆ.

ಸಿಹಿಯ ಮಾತಿಗೆ ಬಂದರೆ, ಕನ್ನಡಿಗರ ನಾಲಿಗೆಗೆ ಇಲ್ಲಿ ಹೊಸ ಪಾಠ ಬೇಕಿಲ್ಲ. ಉಡುಪಿಯ ಅನಾನಸ್ ಮೆಣಸ್ಕಾಯಿ ತಿಂದವರಿಗೆ ಬೆಲ್ಲ, ಹುಳಿ, ಉಪ್ಪು, ಖಾರ ನಾಲ್ಕೂ ಒಂದರ ಹೆಗಲ ಮೇಲೊಂದು ಕೈ ಹಾಕಿ ನಿಲ್ಲಬೇಕೆಂಬುದು ಗೊತ್ತು. ಅಮೆರಿಕದ ಎಷ್ಟೋ ಪಾಕವಿಧಾನಗಳು ತಪ್ಪುವುದು ಹುಳಿಯಲ್ಲಿ. ಒಂದು ಕಪ್ ಜೇನು, ಅದರ ಮೇಲೆ ಕೆಚಪ್, ಅದರ ಮೇಲೆ ಕಂದು ಸಕ್ಕರೆ! ಅಷ್ಟು ಸಿಹಿ ಹೊತ್ತ ರಸವನ್ನು ಎತ್ತಿ ನಿಲ್ಲಿಸಲು ವಿನಿಗರ್ ಇಲ್ಲ, ಶುಂಠಿ ಇಲ್ಲ. ಮೂರನೇ ತುತ್ತಿಗೇ ಮುಖ ಕಟ್ಟುತ್ತದೆ.

ಒಂದು ಕಿಲೋ ಇನ್ನೂರು ಗ್ರಾಂ ತೂಗುವ, ಚರ್ಮ ತೆಗೆದ ಎಂಟು ತೊಡೆಗಳಿಗೆ 80 ಮಿಲಿ ಸೋಯಾ ಸಾಸ್, 80 ಗ್ರಾಂ ಜೇನು, ಎರಡು ದೊಡ್ಡ ಚಮಚ ವಿನಿಗರ್ ಎಂಬುದು ಈ ಅಂಕಣದ ಲೆಕ್ಕ. ಜಪಾನೀ ಬಗೆಯ ಸೋಯಾದಲ್ಲಿ ನೂರಕ್ಕೆ ಸುಮಾರು 16 ಪಾಲು ಉಪ್ಪೇ ಇರುವುದರಿಂದ ಬೇರೆ ಉಪ್ಪು ಬೇಡ. ಎಂಟು ಎಸಳು ಬೆಳ್ಳುಳ್ಳಿ, ಹೆಬ್ಬೆರಳುದ್ದ ಶುಂಠಿ, ಒಂದು ಚಮಚ ಕುಟ್ಟಿದ ಒಣಮೆಣಸು. ಜೇನಿನ ಬದಲು ಬೆಲ್ಲ ಹಾಕಿದರೆ? ಚೆನ್ನಾಗಿಯೇ ಇರುತ್ತದೆ, ಕಾಕಂಬಿಯ ವಾಸನೆ ಮೂಲದಲ್ಲೇ ಇರುವುದರಿಂದ ಸೋಯಾ ಜೊತೆ ಅದು ಜೇನಿಗಿಂತ ಬೇಗ ಬೆರೆಯುತ್ತದೆ. ಜೇನನ್ನೇ ಬಳಸುವವರು ಒಂದು ಚಮಚ ಎತ್ತಿಟ್ಟುಕೊಳ್ಳಲಿ. ಗಂಟೆಗಟ್ಟಲೆ ಕಾದ ಜೇನಿನಲ್ಲಿ ಹೂವಿನ ಪರಿಮಳ ಉಳಿಯುವುದಿಲ್ಲ, ಬರೀ ಸಿಹಿ ಉಳಿಯುತ್ತದೆ.

ಮೊದಲು ತೊಡೆಗಳ ನೀರನ್ನು ಬಟ್ಟೆಯಲ್ಲಿ ಒತ್ತಿ ತೆಗೆದು, ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಚೆನ್ನಾಗಿ ಕಾಯಿಸಿ, ಎರಡೂ ಬದಿ ಕಂದು ಬರುವವರೆಗೆ ಬಾಡಿಸಬೇಕು. ಒಳಗೆ ಬೇಯುವುದು ಬೇಕಿಲ್ಲ. ಅದೇ ಎಣ್ಣೆಯಲ್ಲಿ ಬೆಳ್ಳುಳ್ಳಿ, ಶುಂಠಿ, ಒಂದು ಈರುಳ್ಳಿ ಹುರಿದು, ಸೋಯಾ ಸುರಿದು ತಳದಲ್ಲಿ ಹತ್ತಿದ್ದನ್ನೆಲ್ಲ ಕೆರೆದು ಕುಕರ್‌ಗೆ ಬಗ್ಗಿಸುವುದು. ಈರುಳ್ಳಿಯನ್ನು ಹಸಿಯಾಗಿ ಹಾಕಿದರೆ ಹುಳಿಯಲ್ಲಿ ಅದು ಮೆತ್ತಗಾಗದೆ ಕರಕರ ಎನ್ನುತ್ತಲೇ ಇರುತ್ತದೆ. ಕ್ಯಾರೆಟ್, ಆಲೂಗಡ್ಡೆ ಹಾಕುವವರು ಅವನ್ನು ತಳದಲ್ಲಿಡಬೇಕು, ಈ ಪಾತ್ರೆಯಲ್ಲಿ ಗಡ್ಡೆಗಳು ಕೋಳಿಗಿಂತ ನಿಧಾನ. ನೀರನ್ನಂತೂ ಒಂದು ಹನಿಯೂ ಹಾಕಬಾರದು. ಮುಚ್ಚಳದೊಳಗಿನ ಆವಿ ಹೊರಹೋಗದೆ ಮತ್ತೆ ಕೆಳಗೇ ತೊಟ್ಟಿಕ್ಕುತ್ತದೆ, ಕೋಳಿಯೂ ತನ್ನ ನೀರು ಬಿಡುತ್ತದೆ. ಹೋಗುವಾಗ ಗಟ್ಟಿಯಿದ್ದ ಸಾಸ್ ಬರುವಾಗ ಎರಡರಷ್ಟಾಗಿರುತ್ತದೆ.

ಅನಾನಸ್ ಹಾಕುವ ಆಸೆ ಹಲವರಿಗೆ. ಹಸಿ ಅನಾನಸ್‌ನಲ್ಲಿ ಮಾಂಸವನ್ನೇ ಕರಗಿಸುವ ಬ್ರೋಮೆಲೈನ್ ಎಂಬ ಕಿಣ್ವವಿದೆ. ಜೋರು ಉರಿಯಲ್ಲಿ ಅದು ಬೇಗ ಸಾಯುತ್ತದೆ, ನಿಧಾನಕ್ಕೆ ಬಿಸಿಯೇರುವ ಪಾತ್ರೆಯಲ್ಲಿ ಅದಕ್ಕೆ ಬೇಕಾದಷ್ಟು ಬಿಡುವು ಸಿಕ್ಕಿ ಕೋಳಿ ಹಿಟ್ಟು ಹಿಟ್ಟಾಗುತ್ತದೆ. ಡಬ್ಬಿಯ ಹಣ್ಣು ಈಗಾಗಲೇ ಬೆಂದಿರುವುದರಿಂದ ಆ ಭಯವಿಲ್ಲ. ತಾಜಾ ಹಣ್ಣೇ ಬೇಕೆಂದರೆ ಒಂದು ಕುದಿ ಕುದಿಸಿ ಹಾಕಬಹುದು.

ಕೊನೆಯ ಹತ್ತು ನಿಮಿಷದ ಕೆಲಸವನ್ನು ಬಿಟ್ಟವರಿಗೆ ಈ ಅಡುಗೆಯೇ ಗೊತ್ತಿಲ್ಲ ಎನ್ನಬಹುದು. ಬೆಂದ ತೊಡೆಗಳನ್ನು ಮೆಲ್ಲಗೆ ಎತ್ತಿ ಓವನ್ ತಟ್ಟೆಯಲ್ಲಿಡಬೇಕು. ರಸವನ್ನು ಅಗಲ ಬಾಯಿಯ ಬಾಣಲೆಗೆ ಸೋಸಿ ಜೋರು ಉರಿಯಲ್ಲಿ ಅರ್ಧಕ್ಕಿಳಿಸುವುದು, ಒಂದು ಚಮಚ ಕಾರ್ನ್‌ಫ್ಲೋರನ್ನು ತಣ್ಣೀರಿನಲ್ಲಿ ಕದಡಿ ಬೆರೆಸುವುದು. ಹಿಟ್ಟನ್ನು ಮೊದಲೇ ಕುಕರ್‌ಗೆ ಹಾಕಿದ್ದರೆ ಹುಳಿಯ ಜೊತೆ ಗಂಟೆಗಟ್ಟಲೆ ಬೆಂದು ಅದರ ಹಿಡಿತ ಸಡಿಲಾಗುತ್ತಿತ್ತು. ಎತ್ತಿಟ್ಟ ಜೇನು, ಇನ್ನೊಂದು ಚಮಚ ವಿನಿಗರ್ ಸೇರಿಸಿ, ತೊಡೆಗಳ ಮೇಲೆ ಸುರಿದು ಓವನ್ನಿನ ಗ್ರಿಲ್ ಕೆಳಗೆ ಮೂರು ನಾಲ್ಕು ನಿಮಿಷ. ಆಚೆ ಈಚೆ ಹೋಗುವಂತಿಲ್ಲ, ಜೇನು ಕಂದುವುದಕ್ಕೂ ಕರಕಲಾಗುವುದಕ್ಕೂ ನಡುವೆ ಹೆಚ್ಚು ಹೊತ್ತಿಲ್ಲ. ಅಂಚುಗಳಲ್ಲಿ ಗುಳ್ಳೆಯೆದ್ದು ಹೊಳಪು ಬಂದರೆ ಮುಗಿಯಿತು. ಮೇಲೆ ಹುರಿದ ಎಳ್ಳು, ಈರುಳ್ಳಿ ಸೊಪ್ಪು. ಪಕ್ಕದಲ್ಲಿ ಬಿಳಿ ಅನ್ನವೇ ಆಗಬೇಕು. ಚಪಾತಿಗೆ ಈ ರಸ ಹೊಂದುವುದಿಲ್ಲ.

ಸುರಕ್ಷತೆಯ ಒಂದೆರಡು ಮಾತು. 4ರಿಂದ 60 ಡಿಗ್ರಿಯವರೆಗಿನ ಬಿಸಿ ಬ್ಯಾಕ್ಟೀರಿಯಾಗಳಿಗೆ ಹಬ್ಬ, ನಿಧಾನದ ಪಾತ್ರೆ ಆ ಹಂತವನ್ನು ಆದಷ್ಟು ಬೇಗ ದಾಟಬೇಕು. ಆದ್ದರಿಂದ ಫ್ರೀಜರಿನ ಕಲ್ಲಿನಂಥ ಕೋಳಿಯನ್ನು ನೇರ ಹಾಕಕೂಡದು, ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಬೇಕು. ಮುಚ್ಚಳ ತೆಗೆದು ಇಣುಕಿದಷ್ಟೂ ಹೋದ ಕಾವು ಮರಳಲು ಹದಿನೈದು ಇಪ್ಪತ್ತು ನಿಮಿಷ ಬೇಕು. ಮನೆಯಲ್ಲಿ ಯಾರೂ ಇಲ್ಲದಾಗ ಗಂಟೆಗಟ್ಟಲೆ ಕರೆಂಟು ಹೋಗಿದ್ದರೆ ನೋಡಲು ಬೆಂದಂತಿದ್ದರೂ ಚೆಲ್ಲುವುದೇ ಸರಿ. ಇದೇ ಪಾತ್ರೆಯಲ್ಲಿ ರಾಜ್ಮಾ ಮಾಡುವವರಿಗೂ ಎಚ್ಚರ ಬೇಕು. ನೆನೆಸಿದ ಕಾಳನ್ನು ಮೊದಲು ಒಲೆಯ ಮೇಲೆ ಚೆನ್ನಾಗಿ ಕುದಿಸದಿದ್ದರೆ ಅದರ ಲೆಕ್ಟಿನ್ ಎಂಬ ನಂಜು ಮಂದ ಕಾವಿನಲ್ಲಿ ಉಳಿದುಬಿಡುತ್ತದೆ. ಬೆಂಕಿ ಹೊತ್ತೀತೆಂಬ ಭಯ ಮಾತ್ರ ಟೀವಿಯ ಕೊಡುಗೆ. 2018ರ ಜನವರಿಯಲ್ಲಿ ‘ದಿಸ್ ಈಸ್ ಅಸ್’ ಧಾರಾವಾಹಿಯ ಒಂದು ಕಂತಿನಲ್ಲಿ ಹಳೆಯ ಸ್ಲೋ ಕುಕರ್‌ನ ಕೆಟ್ಟ ಸ್ವಿಚ್ಚಿನಿಂದ ಮನೆಗೆ ಬೆಂಕಿ ಬಿದ್ದಂತೆ ತೋರಿಸಿದ್ದೇ ತಡ, ನೋಡುಗರು ಎಷ್ಟು ಗಾಬರಿಯಾದರೆಂದರೆ ಕ್ರಾಕ್-ಪಾಟ್ ಕಂಪನಿ ಸಮಾಧಾನ ಹೇಳಲೆಂದೇ ಟ್ವಿಟರ್ ಖಾತೆ ತೆರೆಯಬೇಕಾಯಿತು.

ಬೆಂಗಳೂರು, ಮೈಸೂರಿನ ಅಡುಗೆಮನೆಗಳಲ್ಲಿ ಈ ಯಂತ್ರ ಅಪರೂಪ. ಇನ್‌ಸ್ಟಂಟ್ ಪಾಟ್ ಇರುವವರಿಗೆ ಅದರಲ್ಲೇ ಸ್ಲೋ ಕುಕ್ ಗುಂಡಿ ಇದೆ. ಇಲ್ಲದವರಿಗೆ ದಪ್ಪ ತಳದ ಬೀಡಿನ ಪಾತ್ರೆ, ಬಿಗಿ ಮುಚ್ಚಳ, 150 ಡಿಗ್ರಿಯ ಓವನ್ ಸಾಕು, ಒಂದೂವರೆ ಗಂಟೆಯಲ್ಲಿ ತೊಡೆ ಮೆತ್ತಗಾಗುತ್ತದೆ. ಪ್ರೆಶರ್ ಕುಕ್ಕರಿಗೆ ಮಾತ್ರ ಈ ರಸವನ್ನು ಹಾಗೇ ಹಾಕಬಾರದು. ನೀರಿಲ್ಲದ ಜೇನು-ಸೋಯಾ ತಳ ಹಿಡಿಯುತ್ತದೆ, ನೀರು ಬೆರೆಸಿದರೆ ಮತ್ತೆ ಅದೇ ತೆಳು ಸಾರಿನ ತಾಪತ್ರಯ.

ಉಳಿದದ್ದನ್ನು ಎರಡು ಗಂಟೆಯೊಳಗೆ ಅಗಲ ಡಬ್ಬಿಗೆ ಹಾಕಿ ಫ್ರಿಜ್ಜಿಗಿಡಬೇಕು. ಮಾರನೆಯ ದಿನ ಸ್ಲೋ ಕುಕರ್‌ನಲ್ಲೇ ಬಿಸಿ ಮಾಡಹೊರಡುವುದು ಬೇಡ, ಅದು ಅಷ್ಟು ಬೇಗ ಕಾಯುವುದಿಲ್ಲ. ಮಾಂಸವನ್ನು ಮೂಳೆಯಿಂದ ಬಿಡಿಸಿ, ರಸದ ಸಮೇತ ಬಾಣಲೆಯಲ್ಲಿ ಹೊಗೆಯಾಡುವಷ್ಟು ಕಾಯಿಸಿ, ಉದ್ದುದ್ದ ಹೆಚ್ಚಿದ ಎಲೆಕೋಸು, ಹಸಿಮೆಣಸಿನ ಜೊತೆ ಬನ್ನಿನೊಳಗೆ ತುಂಬಿದರೆ ಮೊದಲ ದಿನದ ಊಟಕ್ಕಿಂತ ಅದೇ ಮೇಲು ಎನ್ನುವವರೂ ಇದ್ದಾರೆ.