ನೆರಳಿನ ಜಾಡು ಹಿಡಿದು ಐರೋಪ್ಯ ಚಿತ್ರಕಲೆ

ಐರೋಪ್ಯ ಚಿತ್ರಕಲೆಯನ್ನು ಸವಿಯಲು ಪಂಥಗಳ ಹೆಸರು, ಇಸವಿಗಳನ್ನು ಮೊದಲೇ ಬಾಯಿಪಾಠ ಮಾಡಬೇಕಿಲ್ಲ. ಪ್ರತಿ ಚಿತ್ರದೆದುರು ಒಂದೇ ಪ್ರಶ್ನೆ ಕೇಳಿಕೊಂಡರೆ ಸಾಕು: ಇಲ್ಲಿ ನೆರಳು ಎಲ್ಲಿ ಬಿದ್ದಿದೆ, ಏಕೆ? ದೂಚ್ಚೊ 1308-11ರಲ್ಲಿ ಸಿಯೆನಾದ ಕೆಥೆಡ್ರಲ್‌ಗೆ ರಚಿಸಿದ ‘ಮಯೆಸ್ತಾ’ದಲ್ಲಿ ಮೇರಿಮಾತೆಯ ಸುತ್ತ ಚಿನ್ನದ ಹಿನ್ನೆಲೆಯಿದೆ, ಯಾರ ನೆರಳೂ ನೆಲಕ್ಕೆ ಬೀಳುವುದಿಲ್ಲ. ಇದನ್ನು ಕಲಾವಿದನ ಅರಿವುಗೇಡಿತನ ಎನ್ನುವುದು ತಪ್ಪು. ಸ್ವರ್ಗದ ಬೆಳಕಿಗೆ ದಿಕ್ಕಿಲ್ಲ; ದಿಕ್ಕಿಲ್ಲದ ಬೆಳಕಿಗೆ ನೆರಳೂ ಇಲ್ಲ. ಆ ಚಿತ್ರ ಹೇಳಬೇಕಾದದ್ದಕ್ಕೆ ನೆರಳು ಬೇಕಿರಲಿಲ್ಲ.

ಒಂದು ಶತಮಾನದ ನಂತರ, 1420ರ ದಶಕದಲ್ಲಿ, ಫ್ಲಾರೆನ್ಸಿನ ಬ್ರಾಂಕಾಚಿ ಚಾಪೆಲ್‌ನ ಗೋಡೆಯ ಮೇಲೆ ಮಸಾಚ್ಚೊ ಬರೆದ ಚಿತ್ರದಲ್ಲಿ ಸಂತ ಪೀಟರ್ ಬೀದಿಯಲ್ಲಿ ನಡೆಯುತ್ತಿದ್ದಾನೆ. ಅವನ ನೆರಳು ಸೋಕಿದ ರೋಗಿಗಳು ಗುಣವಾಗುತ್ತಿದ್ದಾರೆ. ಚಿತ್ರದೊಳಗಿನ ಬೆಳಕು ಆ ಚಾಪೆಲ್‌ನ ನಿಜವಾದ ಕಿಟಕಿಯ ದಿಕ್ಕಿನಿಂದಲೇ ಬರುತ್ತದೆ. ಪವಾಡ ಸ್ವರ್ಗದಿಂದಿಳಿದು ನೋಡುಗ ನಿಂತ ನೆಲಕ್ಕೇ ಬಂದಿತು. ಅಲ್ಲಿಂದಾಚೆಗೆ ನೆರಳು ಮೈಗೆ ತೂಕ ಕೊಟ್ಟಿತು, ಕೋಣೆಗೆ ಆಳ ಕೊಟ್ಟಿತು. 1600ರ ಹೊತ್ತಿಗೆ ಕರವಾಜಿಯೊನ ‘ಸಂತ ಮ್ಯಾಥ್ಯೂಗೆ ಕರೆ’ಯಲ್ಲಿ ಕತ್ತಲೆಯೇ ಕಥೆ ಹೇಳತೊಡಗಿತು: ಬಲಗಡೆಯಿಂದ ಸೀಳಿಬಂದ ಬೆಳಕು ಯಾರ ಮುಖಕ್ಕೆ ಬಿತ್ತೋ ಅವರ ಬದುಕು ಬದಲಾಗಲಿದೆ.

ಹತ್ತೊಂಬತ್ತನೇ ಶತಮಾನದಲ್ಲಿ ನೆರಳಿನ ಕಪ್ಪೇ ಅನುಮಾನಕ್ಕೆ ಗುರಿಯಾಯಿತು. 1841ರಲ್ಲಿ ಪೇಟೆಂಟ್ ಪಡೆದ ಲೋಹದ ಬಣ್ಣದ ಟ್ಯೂಬು ಬಯಲಿನಲ್ಲೇ ಕೂತು ಬರೆಯುವುದನ್ನು ಸುಲಭಗೊಳಿಸಿತ್ತು. ಮೋನೆಯ 1890-91ರ ಹುಲ್ಲುಬಣವೆಗಳನ್ನು ನೋಡಿ. ಹಿಮದ ಮೇಲೆ ಅವುಗಳ ನೆರಳು ನೀಲಿ, ನೇರಳೆ. ನೆರಳೆಂದರೆ ಬೆಳಕಿನ ಅಭಾವವಲ್ಲ, ಇನ್ನೊಂದು ಬಣ್ಣ. ಆ ಮಾತನ್ನು ಕೊನೆಯವರೆಗೂ ಒಯ್ದರೆ 1911ರ ಮಾತಿಸ್‌ನ ‘ಕೆಂಪು ಸ್ಟುಡಿಯೊ’ ಸಿಗುತ್ತದೆ: ಗೋಡೆ, ನೆಲ, ಮೇಜು ಎಲ್ಲವೂ ಒಂದೇ ಕೆಂಪು, ನೆರಳು ಎಲ್ಲೂ ಇಲ್ಲ.

ಕ್ಯಾಮೆರಾ ಬಂದದ್ದರಿಂದ ಚಿತ್ರಕಾರರು ದಿಕ್ಕು ಬದಲಿಸಬೇಕಾಯಿತು ಎಂದು ಹಲವರು ವಾದಿಸುತ್ತಾರೆ. ಅದು ಅರ್ಧ ನಿಜ. 1839ರಲ್ಲಿ ಜಗತ್ತಿಗೆ ತಿಳಿದ ಛಾಯಾಚಿತ್ರ ಕಪ್ಪು-ಬಿಳುಪಿನದು. ಮೋನೆ ಬೆನ್ನತ್ತಿದ್ದು ಅದಕ್ಕೆ ದಕ್ಕದ ಬಣ್ಣವನ್ನು. ನೆರಳಿಲ್ಲದೆಯೂ ಚಿತ್ರ ತುಂಬಿಕೊಳ್ಳಬಲ್ಲದು ಎಂಬುದಕ್ಕೆ ಜಪಾನಿನ ಮರದಚ್ಚಿನ ಚಿತ್ರಗಳು ಅವರ ಕಣ್ಣೆದುರೇ ಇದ್ದವು. ಆಧುನಿಕರಿಗೆ ಕೈಚಳಕವೇ ಇಲ್ಲ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ರವಿವರ್ಮನ ತೈಲಚಿತ್ರಗಳಲ್ಲಿ ಪಳಗಿದ ನಮ್ಮ ಕಣ್ಣಿಗೆ ಹಾಗನ್ನಿಸುವುದು ಸಹಜವೂ ಹೌದು. ಆದರೆ ಪಿಕಾಸೊ ಹದಿನೈದರ ವಯಸ್ಸಿನಲ್ಲಿ, 1897ರಲ್ಲಿ, ಬರೆದ ‘ವಿಜ್ಞಾನ ಮತ್ತು ದಯೆ’ಯಲ್ಲಿ ರೋಗಿಯ ಹಾಸಿಗೆಯ ನೆರಳು-ಬೆಳಕು ಶಾಸ್ತ್ರೋಕ್ತವಾಗಿದೆ. ಹತ್ತು ವರ್ಷಗಳ ನಂತರ ‘ಅವಿನ್ಯೋನ್‌ನ ಹೆಂಗಸರು’ ಚಿತ್ರದಲ್ಲಿ ಅವನು ಕೈಬಿಟ್ಟದ್ದು ತನಗೆ ಕರಗತವಾಗಿದ್ದ ವಿದ್ಯೆಯನ್ನೇ.

ಇದನ್ನು ನೆರಳು ಬಂದು ಹೋದ ಸರಳರೇಖೆಯ ಕಥೆಯೆಂದೂ ತಿಳಿಯಬಾರದು. 1914ರಲ್ಲಿ ದೆ ಕಿರಿಕೊ ನಿರ್ಜನ ಬೀದಿಯ ಮೇಲೆ ಉದ್ದುದ್ದ ನೆರಳನ್ನು ಮತ್ತೆ ಚಾಚಿದ. ಈ ಸಲ ಅದು ಭಯಕ್ಕಾಗಿ. ನೆರಳು ಎಂದೂ ಪ್ರತಿಭೆಯ ಅಳತೆಗೋಲಾಗಿರಲಿಲ್ಲ, ಅದು ಆಯ್ಕೆ. ಆದ್ದರಿಂದ ಹೊಸ ಚಿತ್ರವೊಂದರ ಮುಂದೆ ನಿಂತಾಗ ‘ನಿಜದಂತಿದೆಯೇ’ ಎಂಬ ತೀರ್ಪನ್ನು ಸ್ವಲ್ಪ ತಡೆದು, ನೆರಳನ್ನು ಇಟ್ಟದ್ದರಿಂದ ಅಥವಾ ತೆಗೆದದ್ದರಿಂದ ಚಿತ್ರಕ್ಕೆ ಏನು ದಕ್ಕಿತು ಎಂದು ಕೇಳಿ. ದೂಚ್ಚೊನನ್ನೂ ಮಾತಿಸ್‌ನನ್ನೂ ಒಂದೇ ಗೌರವದಿಂದ ನೋಡುವುದು ಆಗ ಸಾಧ್ಯವಾಗುತ್ತದೆ.